ವಿಮಾನದಿಂದ ಬಿಡುವ ಹೈಪರ್‌ಸಾನಿಕ್ ಕ್ರೂಸ್ ಕ್ಷಿಪಣಿ: 2.8 ಮ್ಯಾಕ್ ದಾಟಿ 6ಕ್ಕೆ ಹೋಗಲು ತೊಡಕಾಗಿರುವುದು ಯಾವುದು?

ಆಕಾಶಪಥ (ಪ್ರಶ್ನೆ)

ಬ್ರಹ್ಮೋಸ್ ಕ್ಷಿಪಣಿಯ ವಿಮಾನ ಆವೃತ್ತಿ ಬ್ರಹ್ಮೋಸ್-ಎ ಸುಖೋಯ್-30 ಎಂಕೆಐ ವಿಮಾನದ ಹೊಟ್ಟೆಯಡಿಯಿಂದ ಕಳಚಿಕೊಳ್ಳುತ್ತದೆ, ಮೊದಲ ನೂಕು ಕೊಡುವ ರಾಕೆಟ್ (ಬೂಸ್ಟರ್) ಹೊತ್ತಿಕೊಳ್ಳುತ್ತದೆ, ಆಮೇಲೆ ರ‍್ಯಾಮ್‌ಜೆಟ್ (ಒಳನುಗ್ಗುವ ಗಾಳಿಯನ್ನೇ ಹಿಂಡಿ ಇಂಧನ ಉರಿಸುವ ಎಂಜಿನ್) ಬಲದಲ್ಲಿ 2.8 ಮ್ಯಾಕ್, ಅಂದರೆ ಶಬ್ದವೇಗದ 2.8 ಪಟ್ಟು ವೇಗದಲ್ಲಿ ಹಾರುತ್ತದೆ. ಸುಖೋಯ್‌ನಿಂದ ಅದರ ಮೊದಲ ಉಡಾವಣೆ ಆದದ್ದು 2017ರ ನವೆಂಬರ್ 22ರಂದು. ಅಂದರೆ ವಿಮಾನದಿಂದ ಬೀಳಿಸುವುದು, ಗಾಳಿಯನ್ನೇ ಬಳಸಿ ಉರಿಸುವುದು ಎರಡೂ ಕರಗತವಾಗಿರುವ ವಿದ್ಯೆ. ಹಾಗಿದ್ದೂ 5–6 ಮ್ಯಾಕ್‌ನ ಕ್ರೂಸ್ ಕ್ಷಿಪಣಿ ಎಂದ ಕೂಡಲೇ ಅಮೆರಿಕದಂಥ ದೇಶಕ್ಕೂ ದಶಕಗಳು ಹಿಡಿಯುತ್ತವೆ.

ನನಗೆ ತಿಳಿಯಬೇಕಾದ್ದು ಮೂರು. ಇದೇ ರ‍್ಯಾಮ್‌ಜೆಟ್ ಅನ್ನು ಇನ್ನಷ್ಟು ಗಟ್ಟಿ ಲೋಹದಲ್ಲಿ ಕಟ್ಟಿ ಹೆಚ್ಚು ವೇಗಕ್ಕೆ ಒಯ್ಯಲು ಯಾಕಾಗುವುದಿಲ್ಲ? ಅಮೆರಿಕದ ಪ್ರಯೋಗ ವಾಹನ ಎಕ್ಸ್-51ಎ ನಾಲ್ಕು ಸಲ ಹಾರಿ ಒಂದೇ ಒಂದು ಸಲ ಪೂರ್ತಿ ಗೆದ್ದಿತು ಎನ್ನುತ್ತಾರೆ, ಉಳಿದ ಮೂರರಲ್ಲಿ ಕೆಟ್ಟದ್ದೇನು? ಹೇಗೂ ರಾಕೆಟ್ ಬೂಸ್ಟರ್ ಬೇಕೇ ಬೇಕು ಅಂದ ಮೇಲೆ ವಿಮಾನದಿಂದ ಬಿಡುವುದರಲ್ಲಿ ಲಾಭವೆಷ್ಟು?

ಶಾಕ್‌ಟ್ರೇನ್

ಮೊದಲನೆಯದನ್ನು ನಾನು ತೆಗೆದುಕೊಳ್ಳುತ್ತೇನೆ. 2.8ರಿಂದ 6 ಅಂದರೆ ವೇಗ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ ತಾನೆ ಅನ್ನಿಸುತ್ತದೆ. ಆದರೆ ಶಾಖ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. 11ರಿಂದ 20 ಕಿಲೋಮೀಟರ್ ಎತ್ತರದಲ್ಲಿ ಹೊರಗಿನ ಗಾಳಿ ಸುಮಾರು ಮೈನಸ್ 56 ಡಿಗ್ರಿ. ಅದೇ ಗಾಳಿಯನ್ನು ಮೂತಿಯ ಮುಂದೆ ತಡೆದು ನಿಲ್ಲಿಸಿದರೆ 2.8 ಮ್ಯಾಕ್‌ನಲ್ಲಿ ಸುಮಾರು 280 ಡಿಗ್ರಿಗೆ ಕಾಯುತ್ತದೆ. 5 ಮ್ಯಾಕ್‌ನಲ್ಲಿ ಸುಮಾರು 950 ಡಿಗ್ರಿ. 6ರಲ್ಲಿ ಸುಮಾರು 1,350. (ಪಠ್ಯಪುಸ್ತಕದ ಸರಳ ಸೂತ್ರ 6 ಮ್ಯಾಕ್‌ಗೆ 1,500 ಕೊಡುತ್ತದೆ. ಬಿಸಿಯೇರಿದಂತೆ ಗಾಳಿಯ ವಿಶಿಷ್ಟೋಷ್ಣವೂ ಏರುವುದರಿಂದ ನಿಜವಾದ ಅಂಕಿ ಕೆಳಗಿರುತ್ತದೆ.) 280 ಡಿಗ್ರಿಗೆ ಟೈಟಾನಿಯಮ್, ಉಕ್ಕು ಸಾಕು. 1,350ಕ್ಕೆ ನಿಕ್ಕಲ್ ಮಿಶ್ರಲೋಹಗಳೂ ಕರಗುವ ಅಂಚಿಗೆ ಬಂದು ನಿಲ್ಲುತ್ತವೆ. ಇದಿನ್ನೂ ಇಂಧನ ಉರಿಸುವ ಮೊದಲಿನ ಮಾತು.

ಗಟ್ಟಿ ಲೋಹ ಸಿಕ್ಕಿದರೂ ರ‍್ಯಾಮ್‌ಜೆಟ್ ಅಲ್ಲಿ ದುಡಿಯುವುದಿಲ್ಲ. ಉರಿಸುವ ಮೊದಲು ಅದು ಒಳಗೆ ಬಂದ ಗಾಳಿಯನ್ನು ಶಬ್ದವೇಗಕ್ಕಿಂತ ಕೆಳಕ್ಕೆ ಇಳಿಸಬೇಕು. ಒಂದೇ ನೇರ ಆಘಾತ ತರಂಗದಿಂದ (ಶಬ್ದಾತೀತ ಹರಿವು ತಟ್ಟನೆ ನಿಧಾನಿಸುವ ತೆಳು ಗಡಿ) ಇಳಿಸಿದರೆ 2.8 ಮ್ಯಾಕ್‌ನಲ್ಲಿ ಒಟ್ಟು ಒತ್ತಡದ 39 ಶೇಕಡ ಉಳಿಯುತ್ತದೆ, 6 ಮ್ಯಾಕ್‌ನಲ್ಲಿ ಉಳಿಯುವುದು ಬರೀ 3 ಶೇಕಡ. ನಿಜವಾದ ಇನ್‌ಟೇಕ್‌ನಲ್ಲಿ (ಗಾಳಿ ಒಳಸೇರುವ ಬಾಯಿ) ಓರೆ ಆಘಾತಗಳ ಸಾಲು ಇರುವುದರಿಂದ ಪರಿಸ್ಥಿತಿ ಇಷ್ಟು ಕೆಟ್ಟಿರುವುದಿಲ್ಲ, ಆದರೆ ಜಾರುವ ದಿಕ್ಕು ಇದೇ. ಜೊತೆಗೆ, ನಿಲ್ಲಿಸಿದ ಗಾಳಿ ಮೊದಲೇ ಅಷ್ಟು ಕಾದಿದ್ದರೆ, ಮೇಲೆ ಸುರಿದ ಇಂಧನದ ಶಾಖದಲ್ಲಿ ಒಂದು ಪಾಲು ಅಣುಗಳನ್ನು ಒಡೆಯುವುದರಲ್ಲೇ ಖರ್ಚಾಗುತ್ತದೆ, ಥ್ರಸ್ಟ್ (ಮುಂದೂಡುವ ಬಲ) ಆಗಿ ಹೊರಗೆ ಬರುವುದಿಲ್ಲ.

ಆದ್ದರಿಂದ ಸ್ಕ್ರ್ಯಾಮ್‌ಜೆಟ್: ಗಾಳಿಯನ್ನು ಸ್ವಲ್ಪ ಮಾತ್ರ ನಿಧಾನಿಸಿ, ದಹನಕೋಣೆಯಲ್ಲೂ ಅದು ಶಬ್ದಾತೀತ ವೇಗದಲ್ಲೇ ಹರಿಯುವಂತೆ ಬಿಡುವುದು. ಅಲ್ಲಿ ಹರಿವು ಸೆಕೆಂಡಿಗೆ ಸಾವಿರ ಮೀಟರ್‌ಗಿಂತ ಹೆಚ್ಚು. ಒಂದು ಮೀಟರ್ ಉದ್ದದ ಕೋಣೆಯನ್ನು ಗಾಳಿ ಒಂದು ಮಿಲಿಸೆಕೆಂಡ್ ಒಳಗೇ ದಾಟಿಬಿಡುತ್ತದೆ. ಅಷ್ಟರಲ್ಲಿ ಇಂಧನ ಆವಿಯಾಗಬೇಕು, ಗಾಳಿಯೊಡನೆ ಬೆರೆಯಬೇಕು, ಹೊತ್ತಿಕೊಳ್ಳಬೇಕು, ಉರಿದು ಮುಗಿಯಬೇಕು. ಸೀಮೆಎಣ್ಣೆ ಜಾತಿಯ ಇಂಧನಗಳಿಗೆ ಹೊತ್ತಿಕೊಳ್ಳುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಬಹುದು. ಅದಕ್ಕಾಗಿ ಕೋಣೆಯ ಗೋಡೆಯಲ್ಲಿ ಒಂದು ಗುಳಿ ಬಿಡುತ್ತಾರೆ. ಅದರೊಳಗೆ ಬಿಸಿ ಅನಿಲ ಸುಳಿಯುತ್ತ ನಿಂತು, ಪಕ್ಕದಲ್ಲಿ ಹರಿದುಹೋಗುವ ಮಿಶ್ರಣಕ್ಕೆ ಬಿಡದೆ ಕಿಡಿ ಮುಟ್ಟಿಸುತ್ತಿರುತ್ತದೆ.

ಇನ್ನು ಎಲ್ಲರೂ ಹೆದರುವ ಅನ್‌ಸ್ಟಾರ್ಟ್. ದಹನಕೋಣೆಯಲ್ಲಿ ಶಾಖ ಹೆಚ್ಚಿದಷ್ಟೂ ಹರಿವು ಶಬ್ದವೇಗದ ಕಡೆಗೆ ಇಳಿಯುತ್ತದೆ, ಒತ್ತಡ ಏರಿ ಮುಂದಕ್ಕೆ ನೂಕುತ್ತದೆ. ಆ ನೂಕನ್ನು ತಡೆಯಲೆಂದೇ ಇನ್‌ಟೇಕ್ ಮತ್ತು ಕೋಣೆಯ ನಡುವೆ ಐಸೊಲೇಟರ್ ಎಂಬ ನಾಳ ಇರುತ್ತದೆ, ಅದರಲ್ಲಿ ಆಘಾತಗಳು ಸಾಲುಗಟ್ಟಿ ನಿಲ್ಲುತ್ತವೆ. ಇಂಧನ ಸ್ವಲ್ಪ ಹೆಚ್ಚಾದರೆ ಆ ಸಾಲು ಮುಂದೆ ಮುಂದೆ ಸರಿದು ಇನ್‌ಟೇಕ್ ಬಾಯಿಯಿಂದಲೇ ಹೊರಬೀಳುತ್ತದೆ. ಆಮೇಲೆ ನೀರಿಳಿಯದ ಗಂಟಲಿಗೆ ಕಡುಬು ತುರುಕಿದ ಹಾಗೆ: ಗಾಳಿ ಒಳಗೆ ಹೋಗದೆ ಹೊರಕ್ಕೆ ಚೆಲ್ಲುತ್ತದೆ, ಥ್ರಸ್ಟ್ ಬೀಳುತ್ತದೆ, ಡ್ರ್ಯಾಗ್ (ಗಾಳಿಯ ತಡೆ) ಏರುತ್ತದೆ, ಮೂತಿ ಒಂದು ಕಡೆಗೆ ಎಳೆಯುತ್ತದೆ, ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ. ಇಂಧನ ಕಡಿಮೆ ಮಾಡಿ ಸುರಕ್ಷಿತವಾಗಿರೋಣ ಎಂದರೆ ಥ್ರಸ್ಟ್ ಸಾಲದು. ಈ ವೇಗದಲ್ಲಿ ಥ್ರಸ್ಟ್ ದೊಡ್ಡದು, ಡ್ರ್ಯಾಗ್ ಹೆಚ್ಚುಕಡಿಮೆ ಅಷ್ಟೇ ದೊಡ್ಡದು, ನಮಗೆ ದಕ್ಕುವುದು ಎರಡರ ನಡುವಿನ ಸಣ್ಣ ವ್ಯತ್ಯಾಸ. ಥ್ರಸ್ಟ್ ಲೆಕ್ಕದಲ್ಲಿ ಐದಾರು ಶೇಕಡ ತಪ್ಪಿದರೆ ವೇಗ ಏರಬೇಕಾದ ವಾಹನ ಇಳಿಯತೊಡಗುತ್ತದೆ.

ಇಂಧನಕೋಶ

ಮೇಲಿನ ಉತ್ತರಕ್ಕೆ ಅತಿ ಮುಖ್ಯವಾದ ಒಂದು ಎಳೆ ಸೇರಿಸಬೇಕು, ಎಕ್ಸ್-51ಎ ಕತೆಯೂ ಅದರಿಂದಲೇ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಇಂಧನಕ್ಕೆ ಎರಡು ಕೆಲಸ. ಅದು ಉರಿಯಬೇಕು, ಉರಿಯುವ ಮೊದಲು ಎಂಜಿನ್ ಗೋಡೆಯೊಳಗಿನ ಸಣ್ಣ ಕಾಲುವೆಗಳಲ್ಲಿ ಹರಿದು ಗೋಡೆಯನ್ನು ತಣಿಸಬೇಕು. ಮೈಗೆ ಬಡಿದು ನಿಂತ ಗಾಳಿಯೇ ಲೋಹಕ್ಕಿಂತ ಬಿಸಿಯಾಗಿರುವಾಗ ತಣಿಸಲು ಬೇರೆ ದ್ರವ ವಾಹನದಲ್ಲಿಲ್ಲ. ಎಕ್ಸ್-51ಎ ಬಳಸಿದ್ದು ಜೆಪಿ-7, ಎಸ್‌ಆರ್-71 ವಿಮಾನಕ್ಕೆಂದು ತಯಾರಾದ ಇಂಧನ. ಅದನ್ನು ಕಾಯಿಸುತ್ತ ಹೋದರೆ ಒಂದು ಹಂತದ ಮೇಲೆ ದೊಡ್ಡ ಅಣುಗಳು ಸಣ್ಣವಾಗಿ ಒಡೆಯುತ್ತವೆ. ಹಾಗೆ ಒಡೆಯುವಾಗ ಇನ್ನಷ್ಟು ಶಾಖ ಹೀರುತ್ತವೆ, ಒಡೆದ ತುಣುಕುಗಳು ಬೇಗ ಹೊತ್ತಿಕೊಳ್ಳುತ್ತವೆ. ಎರಡೂ ಲಾಭವೇ. ಆದರೆ ಮಿತಿಮೀರಿ ಕಾದರೆ ಕಾಲುವೆಯೊಳಗೆ ಇಂಗಾಲ ಕರಿಗಟ್ಟುತ್ತದೆ, ಹರಿವು ಕಡಿಮೆಯಾಗುತ್ತದೆ, ಆ ಜಾಗ ಇನ್ನಷ್ಟು ಕಾಯುತ್ತದೆ, ಕೊನೆಗೆ ಗೋಡೆ ತೂತಾಗುತ್ತದೆ.

ವಿನ್ಯಾಸಕಾರರಿಗೆ ಇಲ್ಲಿ ಅತ್ತ ದರಿ ಇತ್ತ ಪುಲಿ. ಥ್ರಾಟಲ್ ಇಳಿಸಿದರೆ ಇಂಧನದ ಹರಿವು ಇಳಿಯುತ್ತದೆ, ಅಂದರೆ ತಣಿಸುವ ದ್ರವವೂ ಇಳಿಯುತ್ತದೆ, ಆದರೆ ಗೋಡೆಗೆ ಬೀಳುವ ಶಾಖ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ. ಹೈಡ್ರೋಜನ್ ಹಾಕಿದರೆ ತಣಿಸುವ ಶಕ್ತಿ ಬಹಳ ಹೆಚ್ಚು, ಹೊತ್ತಿಕೊಳ್ಳುವುದೂ ಸಲೀಸು. ನಾಸಾದ ಎಕ್ಸ್-43ಎ ಪ್ರಯೋಗ ವಾಹನಕ್ಕೂ 2016ರ ಆಗಸ್ಟ್ 28ರ ಇಸ್ರೋ ಪ್ರಯೋಗಕ್ಕೂ ಅದೇ ಇಂಧನ. ಆದರೆ ದ್ರವ ಹೈಡ್ರೋಜನ್ ಒಂದು ಲೀಟರ್ ತೂಗುವುದು 71 ಗ್ರಾಂ. ಒಂದು ಲೀಟರ್‌ನಲ್ಲಿ ಅಡಗಿರುವ ಶಕ್ತಿ ಸೀಮೆಎಣ್ಣೆಯ ಕಾಲು ಭಾಗದಷ್ಟು. ರೆಕ್ಕೆಯಡಿ ನೇತುಹಾಕುವ ಕ್ಷಿಪಣಿಗೆ ಅಷ್ಟು ದೊಡ್ಡ ಟ್ಯಾಂಕ್ ಎಲ್ಲಿಂದ ತರುವುದು? ಅತಿಶೀತ ದ್ರವವನ್ನು ತಿಂಗಳುಗಟ್ಟಲೆ ಮದ್ದುಗುಂಡು ಉಗ್ರಾಣದಲ್ಲಿ ಇಡುವುದೂ ಆಗದ ಮಾತು.

ಈಗ ಎಕ್ಸ್-51ಎ. ಬೂಸ್ಟರ್ ಸೇರಿ ಉದ್ದ ಸುಮಾರು 7.6 ಮೀಟರ್, ತೂಕ ಸುಮಾರು 1,800 ಕಿಲೋ, ಜೆಪಿ-7 ಸುಮಾರು 120 ಕಿಲೋ. ಬೂಸ್ಟರ್ ಬೇರೆಯದಲ್ಲ, ನೆಲದಿಂದ ಹಾರಿಸುವ ಎಟಾಕಮ್ಸ್ ಕ್ಷಿಪಣಿಯ ಘನ ಇಂಧನ ಮೋಟಾರನ್ನೇ ತಿದ್ದಿ ಬಳಸಿದರು. ಮೂತಿಗೆ ಟಂಗ್‌ಸ್ಟನ್, ಎಂಜಿನ್ ಗೋಡೆಗೆ ಇಂಕೊನೆಲ್ ಎಂಬ ನಿಕ್ಕಲ್ ಮಿಶ್ರಲೋಹ. ಬಿ-52 ವಿಮಾನ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ, ಕ್ಯಾಲಿಫೋರ್ನಿಯಾ ತೀರದಾಚೆಯ ಪೆಸಿಫಿಕ್ ಪರೀಕ್ಷಾ ವಲಯದಲ್ಲಿ ಅದನ್ನು ಬೀಳಿಸುತ್ತಿತ್ತು.

ಎಂಜಿನ್ ಹಚ್ಚುವ ಕ್ರಮವನ್ನು ಹತ್ತಿರದಿಂದ ನೋಡಿ. ಬೂಸ್ಟರ್ ಕಳಚಿದಾಗ ಗೋಡೆಗಳಿನ್ನೂ ತಣ್ಣಗಿರುತ್ತವೆ, ಅವುಗಳೊಳಗೆ ಹರಿದು ಬಂದ ಜೆಪಿ-7 ದ್ರವವಾಗಿಯೇ ಇರುತ್ತದೆ, ಮಿಲಿಸೆಕೆಂಡಿನಲ್ಲಿ ಹೊತ್ತಿಕೊಳ್ಳುವುದಿಲ್ಲ. ಆದ್ದರಿಂದ ಮೊದಲು ಎಥಿಲೀನ್ ಅನಿಲ ಬಿಟ್ಟು ಅದನ್ನು ಹಚ್ಚುತ್ತಾರೆ. ಆ ಉರಿಗೆ ಗೋಡೆ ಕಾಯುತ್ತದೆ, ಗೋಡೆಯಿಂದ ಜೆಪಿ-7 ಕಾಯುತ್ತದೆ, ಎಥಿಲೀನ್ ಇಳಿಸುತ್ತ ಜೆಪಿ-7 ಏರಿಸುತ್ತ ಕೈ ಬದಲಿಸುತ್ತಾರೆ. ಆ ಕೆಲವು ಸೆಕೆಂಡುಗಳಲ್ಲಿ ಎರಡೂ ಸೇರಿ ಹೆಚ್ಚಾದರೆ ಅನ್‌ಸ್ಟಾರ್ಟ್, ಕಡಿಮೆಯಾದರೆ ಉರಿ ಆರುತ್ತದೆ.

2010ರ ಮೇ 26ರ ಮೊದಲ ಹಾರಾಟದಲ್ಲಿ ಈ ಘಟ್ಟ ಸುಸೂತ್ರವಾಗಿ ದಾಟಿತು. ಸ್ಕ್ರ್ಯಾಮ್‌ಜೆಟ್ ಸುಮಾರು 140 ಸೆಕೆಂಡ್ ಉರಿಯಿತು, ವೇಗ 5 ಮ್ಯಾಕ್ ಹತ್ತಿರ ಹೋಯಿತು. ಗುರಿ ಇದ್ದದ್ದು 300 ಸೆಕೆಂಡ್. ಎಂಜಿನ್ ಮತ್ತು ನಾಜಲ್ (ಬಿಸಿ ಅನಿಲ ಹೊರಬೀಳುವ ಬಾಯಿ) ಕೂಡುವ ಜಾಗದ ಸೀಲ್‌ನಿಂದ ಬಿಸಿ ಅನಿಲ ವಾಹನದೊಳಕ್ಕೆ ನುಗ್ಗಿ ಕೆಡಿಸಿತು. ಕಾದಾಗ ಎಂಜಿನ್ ಒಂದಷ್ಟು ಹಿಗ್ಗುತ್ತದೆ, ಅದನ್ನು ಹಿಡಿದ ಕವಚ ಇನ್ನೊಂದಷ್ಟು ಹಿಗ್ಗುತ್ತದೆ. ಇಂಥ ವಾಹನದಲ್ಲಿ ಬೇರೆ ಬೇರೆ ಭಾಗಗಳು ಕೂಡುವ ಪ್ರತಿ ಕೀಲೂ ಹೀಗೆ ಬಾಯಿಬಿಡಬಲ್ಲದು.

2011ರ ಜೂನ್ 13ರ ಎರಡನೆಯದು ಸರಿಯಾಗಿ ಮೇಲೆ ಹೇಳಿದ ಘಟ್ಟದಲ್ಲೇ ಬಿದ್ದಿತು: ಎಥಿಲೀನ್ ಹೊತ್ತಿತು, ಜೆಪಿ-7ಗೆ ಬದಲಿಸುವಾಗ ಇನ್‌ಟೇಕ್ ಅನ್‌ಸ್ಟಾರ್ಟ್ ಆಯಿತು. ವಾಹನ ತಾನಾಗಿಯೇ ಭಂಗಿ ತಿದ್ದಿಕೊಂಡು ಮತ್ತೆ ಹಚ್ಚಲು ನೋಡಿತು, ಹೊತ್ತಲಿಲ್ಲ. ನಿಯಂತ್ರಣ ತಪ್ಪದೆಯೇ ಹಾರುತ್ತ ಸಮುದ್ರ ಸೇರಿತು. ಮೂರನೆಯದು, 2012ರ ಆಗಸ್ಟ್ 14ರದು, ಎಂಜಿನ್ ಹಚ್ಚುವ ಹಂತಕ್ಕೇ ಬರಲಿಲ್ಲ. ಒಂದು ನಿಯಂತ್ರಣ ರೆಕ್ಕೆಯಲ್ಲಿ ದೋಷ ಕಂಡಿತು, ಬೂಸ್ಟರ್ ಕಳಚಿದ ಮೇಲೆ ವಾಹನ ಹತೋಟಿ ತಪ್ಪಿ ಹಾಳಾಯಿತು.

2013ರ ಮೇ 1ರಂದು ಎಲ್ಲವೂ ಕೂಡಿ ಬಂತು. ಬೂಸ್ಟರ್ ಸುಮಾರು 26 ಸೆಕೆಂಡಿನಲ್ಲಿ 4.8 ಮ್ಯಾಕ್‌ಗೆ ಮುಟ್ಟಿಸಿತು, ಸ್ಕ್ರ್ಯಾಮ್‌ಜೆಟ್ ಅದನ್ನು 5.1ಕ್ಕೆ ಒಯ್ದು ಇಂಧನ ತೀರುವವರೆಗೆ 210 ಸೆಕೆಂಡ್ ಉರಿಯಿತು. ಆರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಿನ ಹಾರಾಟದಲ್ಲಿ 420 ಕಿಲೋಮೀಟರ್‌ಗೂ ಮೀರಿದ ದೂರ. 120 ಕಿಲೋ ಇಂಧನವನ್ನು 210 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ ಅರ್ಧ ಕಿಲೋಗಿಂತ ತುಸು ಹೆಚ್ಚು, ಅಂದರೆ ಸುಮಾರು 24 ಮೆಗಾವಾಟ್ ಉರಿ. ಇಷ್ಟು ಉರಿ ಸೇರಿಸಿದ ವೇಗ 0.3 ಮ್ಯಾಕ್. ಶಾಕ್‌ಟ್ರೇನ್ ಅವರು ಹೇಳಿದ ಸಣ್ಣ ವ್ಯತ್ಯಾಸ ಎಂದರೆ ಎಷ್ಟು ಸಣ್ಣದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಪೈಲಾನ್

ಮೂರನೆಯ ಪ್ರಶ್ನೆಗೆ ಬರುತ್ತೇನೆ. ಸ್ಕ್ರ್ಯಾಮ್‌ಜೆಟ್ 4.5–5 ಮ್ಯಾಕ್ ಹತ್ತಿರ ಬರುವವರೆಗೆ ಹೊತ್ತುವುದಿಲ್ಲ ಎಂದಿಟ್ಟುಕೊಳ್ಳಿ. ಬಿ-52 ಕೊಡುವುದು ಸುಮಾರು 0.8 ಮ್ಯಾಕ್, ಅಂದರೆ ಬೇಕಾದ ವೇಗದ ಆರನೇ ಒಂದು ಭಾಗ. ಬರೀ ವೇಗ ನೋಡಿದರೆ ಲಾಭ ಅಲ್ಪ. ನಿಜವಾದ ಲಾಭ ಎತ್ತರದಲ್ಲಿದೆ. 15 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ನೆಲಮಟ್ಟದ ಆರನೇ ಒಂದು ಭಾಗ. ನೆಲದಿಂದ ಹೊರಟ ಬೂಸ್ಟರ್ ತನ್ನ ಶಕ್ತಿಯ ದೊಡ್ಡ ಪಾಲನ್ನು ದಟ್ಟ ಗಾಳಿಯನ್ನು ಸೀಳುವುದಕ್ಕೆ ಮತ್ತು ಮೇಲೇರುವುದಕ್ಕೆ ಕೊಡುತ್ತದೆ. ಮೇಲಿನಿಂದ ಹೊರಟದ್ದು ಬಹುಪಾಲನ್ನು ವೇಗಕ್ಕೇ ಕೊಡುತ್ತದೆ. ಅದರಿಂದ ಬೂಸ್ಟರ್ ಚಿಕ್ಕದಾಗುತ್ತದೆ, ಚಿಕ್ಕದಾದರೆ ಫೈಟರ್ ವಿಮಾನವೂ ಹೊರಬಹುದು. ಅಮೆರಿಕದ ವಾಯುಪಡೆ 2022ರ ಸೆಪ್ಟೆಂಬರ್‌ನಲ್ಲಿ ರೇಥಿಯಾನ್‌ಗೆ 98.5 ಕೋಟಿ ಡಾಲರ್ ಗುತ್ತಿಗೆ ಕೊಟ್ಟ ಹೆಚ್‌ಎಸಿಎಂ ಎಂಬ ಸ್ಕ್ರ್ಯಾಮ್‌ಜೆಟ್ ಕ್ರೂಸ್ ಕ್ಷಿಪಣಿಯನ್ನು ಎಫ್-15ಇ ಹೊರಬೇಕೆಂಬ ಯೋಜನೆ ನಿಂತಿರುವುದು ಈ ಲೆಕ್ಕದ ಮೇಲೆ. ಅದರ ಸ್ಕ್ರ್ಯಾಮ್‌ಜೆಟ್ ನಾರ್ತ್ರಾಪ್ ಗ್ರಮ್ಮನ್‌ನದು. ಅದಕ್ಕೆ ಮುಂಚಿನ, ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ಹೆಚ್‌ಎಡಬ್ಲ್ಯುಸಿ ಕಾರ್ಯಕ್ರಮದಲ್ಲಿ ರೇಥಿಯಾನ್ ವಿನ್ಯಾಸ 2021ರ ಸೆಪ್ಟೆಂಬರ್‌ನಲ್ಲಿ, ಲಾಕ್‌ಹೀಡ್ ವಿನ್ಯಾಸ 2022ರ ಮಾರ್ಚ್‌ನಲ್ಲಿ ಹಾರಿ ತೋರಿಸಿದವು. ಎರಡನೆಯದು 65,000 ಅಡಿಗಿಂತ ಮೇಲೆ 300 ನಾಟಿಕಲ್ ಮೈಲಿಗೂ ಹೆಚ್ಚು ದೂರ ಹೋಯಿತು.

ವಿಮಾನದಿಂದ ಬಿಡುವುದಕ್ಕೂ ತೆರಬೇಕಾದ ಬೆಲೆ ಇದೆ, ಚರ್ಚೆಗಳಲ್ಲಿ ಇದು ಬರುವುದೇ ಕಡಿಮೆ. ಗಂಟೆಗಟ್ಟಲೆ ಮೈನಸ್ 56 ಡಿಗ್ರಿಯ ಗಾಳಿಯಲ್ಲಿ ನೇತಾಡಿದ ಘನ ಇಂಧನ ಪೆಡಸಾಗುತ್ತದೆ. ಅದರಲ್ಲಿ ಬಿರುಕು ಬಿಟ್ಟಿದ್ದರೆ ಹಚ್ಚಿದ ಕ್ಷಣ ಉರಿಯುವ ಮೇಲ್ಮೈ ಹೆಚ್ಚಿ ಕವಚದೊಳಗಿನ ಒತ್ತಡ ಮಿತಿ ಮೀರುತ್ತದೆ. ಬ್ಯಾಟರಿ, ಕವಾಟ, ರೆಕ್ಕೆ ತಿರುಗಿಸುವ ಮೋಟಾರುಗಳಿಗೂ ಅದೇ ಚಳಿ, ಅದರ ಮೇಲೆ ವಿಮಾನದ ಕಂಪನ. ಕೆಲವೇ ನಿಮಿಷದಲ್ಲಿ ಅದೇ ಭಾಗಗಳು ಸಾವಿರ ಡಿಗ್ರಿಯ ಪಕ್ಕ ಕೆಲಸ ಮಾಡಬೇಕು. ಬೀಳಿಸುವಾಗಿನ ತೊಡಕು ಬೇರೆ: ಇಂಥ ವಾಹನದ ಚಪ್ಪಟೆ ಮೂತಿ ಗಾಳಿ ಹಿಂಡುವುದಕ್ಕೆ ರೂಪಿಸಿದ್ದು, ಶಬ್ದವೇಗದ ಕೆಳಗೆ ಅದು ಬೇಡದ ಕಡೆಗೆ ಎತ್ತಬಹುದು. ಅದಕ್ಕಾಗಿಯೇ ಬಿಡುಗಡೆ ಮಾಡುವ ಮೊದಲು ಬರೀ ಹೊತ್ತುಕೊಂಡು ಹಾರುವ ಪರೀಕ್ಷೆಗಳಿಗೆ ಇಷ್ಟು ಸಮಯ ಕೊಡುತ್ತಾರೆ.

ಬೂಸ್ಟರ್ ಎಂದರೆ ಹಳೆಯ ವಿದ್ಯೆ ಎಂದು ಹಗುರವಾಗಿ ತೆಗೆದುಕೊಳ್ಳಬಾರದು ಎಂಬುದಕ್ಕೆ ಎಕ್ಸ್-43ಎ ಇದೆ. 2001ರ ಜೂನ್ 2ರಂದು ಅದನ್ನು ಪೆಗಾಸಸ್ ರಾಕೆಟ್‌ನ ಮೂತಿಗೆ ಕಟ್ಟಿ ಸುಮಾರು 24,000 ಅಡಿಯಲ್ಲಿ ಬೀಳಿಸಿದರು. ಪೆಗಾಸಸ್ ಸಾಮಾನ್ಯವಾಗಿ ಹೊರಡುವುದು 40,000 ಅಡಿ ಹತ್ತಿರ. ಕೆಳಗಿನ ದಟ್ಟ ಗಾಳಿಯಲ್ಲಿ ಅದೇ ರೆಕ್ಕೆಗಳ ಮೇಲೆ ಬೀಳುವ ಬಲ ಬೇರೆ. ಲೆಕ್ಕದ ಮಾದರಿಗಳು ನಿಜಕ್ಕೂ ಇದ್ದದ್ದಕ್ಕಿಂತ ಹೆಚ್ಚು ಸುರಕ್ಷತಾ ಅಂತರ ತೋರಿಸಿದ್ದವು. ಬೂಸ್ಟರ್ ಹತೋಟಿ ತಪ್ಪಿತು, ನಾಶಪಡಿಸಬೇಕಾಯಿತು, ಸ್ಕ್ರ್ಯಾಮ್‌ಜೆಟ್‌ಗೆ ಕೆಲಸವೇ ಬರಲಿಲ್ಲ. ಮುಂದಿನ ಸಲ 40,000 ಅಡಿಯಿಂದ, ಬೂಸ್ಟರ್‌ನಲ್ಲಿ ಇಂಧನ ಕಡಿಮೆ ಮಾಡಿ ಬಿಟ್ಟರು. 2004ರ ಮಾರ್ಚ್ 27ರಂದು 6.8 ಮ್ಯಾಕ್, ಅದೇ ವರ್ಷ ನವೆಂಬರ್ 16ರಂದು 9.6 ಮ್ಯಾಕ್.

ಸುರಂಗಗಾಳಿ

ನೆಲದ ಪರೀಕ್ಷೆಯ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಇಷ್ಟು ಸೇರಿಸುತ್ತೇನೆ. ಹಾರಾಟದ ಶಾಖ, ಒತ್ತಡ, ವೇಗ ಮೂರನ್ನೂ ನಿಮಿಷಗಟ್ಟಲೆ ಶುದ್ಧ ಗಾಳಿಯಲ್ಲಿ ಕೊಡುವುದು ಬಹಳ ಕಷ್ಟ. ಶಾಕ್ ಟನೆಲ್‌ಗಳು (ಆಘಾತ ತರಂಗದಿಂದ ಗಾಳಿ ಕಾಯಿಸಿ ಹರಿಸುವ ಪರೀಕ್ಷಾ ಸುರಂಗಗಳು) ಸರಿಯಾದ ಹರಿವು ಕೊಡುತ್ತವೆ, ಆದರೆ ಮಿಲಿಸೆಕೆಂಡುಗಳ ಲೆಕ್ಕದಲ್ಲಿ. ಹೆಚ್ಚು ಹೊತ್ತು ಬೇಕೆಂದರೆ ನಾಸಾ ಲ್ಯಾಂಗ್ಲಿಯ 8 ಅಡಿ ಟನೆಲ್‌ನಲ್ಲಿ ಮಾಡುವಂತೆ ಗಾಳಿಯಲ್ಲೇ ಮೀಥೇನ್ ಉರಿಸಿ ಬಿಸಿ ಮಾಡಿ, ಖರ್ಚಾದ ಆಮ್ಲಜನಕವನ್ನು ಮರಳಿ ತುಂಬುತ್ತಾರೆ. ಆಮ್ಲಜನಕ ಸರಿಹೋಗುತ್ತದೆ, ಆದರೆ ಉರಿಯಿಂದ ಹುಟ್ಟಿದ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು ಹೊತ್ತಿಕೊಳ್ಳುವ ಗುಣವನ್ನೇ ಬದಲಿಸುತ್ತವೆ. ಆದ್ದರಿಂದ ಟನೆಲ್‌ನಲ್ಲಿ ಕಂಡ ಅನ್‌ಸ್ಟಾರ್ಟ್ ಅಂಚು ಆಕಾಶದಲ್ಲಿ ಅದೇ ಜಾಗದಲ್ಲಿ ಇರುತ್ತದೆ ಎಂದು ನೆಚ್ಚುವಂತಿಲ್ಲ.

ಸೆಕೆಂಡುಗಳನ್ನು ಓದುವಾಗಲೂ ಎಚ್ಚರ ಬೇಕು. ಇಸ್ರೋ ಪ್ರಯೋಗ 5 ಸೆಕೆಂಡ್, ಎಕ್ಸ್-43ಎ ಸುಮಾರು 10, 2020ರ ಸೆಪ್ಟೆಂಬರ್ 7ರ ಡಿಆರ್‌ಡಿಒ ಪ್ರಯೋಗ ವಾಹನ ಎಚ್‌ಎಸ್‌ಟಿಡಿವಿ 20ಕ್ಕಿಂತ ಹೆಚ್ಚು. ಅಷ್ಟು ಹೊತ್ತನ್ನು ದಪ್ಪ ಲೋಹ ತಾನೇ ಶಾಖ ಹೀರಿಕೊಂಡು ಕಳೆಯಬಲ್ಲದು. ನೂರಾರು ಸೆಕೆಂಡ್ ಎಂದರೆ ಗೋಡೆಗೆ ಬಂದಷ್ಟು ಶಾಖವನ್ನು ಇಂಧನ ಅಷ್ಟೇ ವೇಗದಲ್ಲಿ ಹೊರಗೊಯ್ಯಬೇಕು. ಹೈದರಾಬಾದಿನ ಡಿಆರ್‌ಡಿಒ ಪ್ರಯೋಗಾಲಯ ಡಿಆರ್‌ಡಿಎಲ್ ಹೀಗೆ ಇಂಧನದಿಂದ ತಣಿಸುವ ಕಿರು ಅಳತೆಯ ದಹನಕೋಣೆಯನ್ನು 2025ರ ಜನವರಿಯಲ್ಲಿ 120 ಸೆಕೆಂಡ್, ಏಪ್ರಿಲ್ 25ರಂದು 1,000 ಸೆಕೆಂಡಿಗೂ ಹೆಚ್ಚು ಉರಿಸಿತು. ನನ್ನ ಮಟ್ಟಿಗೆ ಇದು ವೇಗದ ದಾಖಲೆಗಳಿಗಿಂತ ತೂಕದ ಸುದ್ದಿ. ಆದರೆ ಅದು ದಹನಕೋಣೆ ಮಾತ್ರ, ಇನ್‌ಟೇಕ್, ನಾಜಲ್, ಹಾರುವ ಮೈ ಸೇರಿದ ಇಡೀ ವಾಹನವಲ್ಲ.

ಆಕಾಶಪಥ

ಎಲ್ಲರಿಗೂ ಧನ್ಯವಾದ. ಮೂರು ಉಪಪ್ರಶ್ನೆ. ಬ್ರಹ್ಮೋಸ್ ಹಾಗೆ ಇದು ಸಮುದ್ರಕ್ಕೆ ತಾಗುವಂತೆ ಕೆಳಗೆ ಹಾರಬಲ್ಲದೆ? "6 ಮ್ಯಾಕ್‌ನಲ್ಲಿ ಹೇಗೆ ಬೇಕಾದರೂ ತಿರುಗುತ್ತದೆ" ಎಂದು ಸುದ್ದಿವಾಹಿನಿಗಳಲ್ಲಿ ಹೇಳುತ್ತಾರಲ್ಲ, ಅದು ಎಷ್ಟು ನಿಜ? ರಷ್ಯಾದ ಕಿಂಝಾಲ್ ಕ್ಷಿಪಣಿ ಕೂಡ ಇದೇ ಗುಂಪಿಗೆ ಸೇರುತ್ತದೆಯೇ?

ಶಾಕ್‌ಟ್ರೇನ್

ಕೊನೆಯದು ಮೊದಲು: ಕಿಂಝಾಲ್ ಸೇರುವುದಿಲ್ಲ. ಅದು ಮಿಗ್-31ಕೆಯಿಂದ ಬಿಡುವ, ರಾಕೆಟ್ ಮೋಟಾರಿನ ಬ್ಯಾಲಿಸ್ಟಿಕ್ ಕ್ಷಿಪಣಿ, ಗಾಳಿ ಬಳಸಿ ಉರಿಯುವುದಲ್ಲ. ಅಮೆರಿಕದ ಎಜಿಎಂ-183ಎ ಕೂಡ ಬೇರೆ ಜಾತಿ, ರಾಕೆಟ್ ಎತ್ತಿದ ಮೇಲೆ ಎಂಜಿನ್ ಇಲ್ಲದೆ ತೇಲುವ ಗ್ಲೈಡರ್.

ಕೆಳಗೆ ಹಾರುವ ಮಾತು. ಮೈಮೇಲೆ ಬೀಳುವ ಗಾಳಿಯ ಗತಿಒತ್ತಡವನ್ನು ನೋಡಿ. 6 ಮ್ಯಾಕ್‌ನಲ್ಲಿ 25 ಕಿಲೋಮೀಟರ್ ಎತ್ತರದಲ್ಲಿ ಅದು ಸುಮಾರು 64 ಕಿಲೋಪಾಸ್ಕಲ್, 20 ಕಿಲೋಮೀಟರ್‌ನಲ್ಲಿ ಸುಮಾರು 140. ಸಮುದ್ರಮಟ್ಟದಲ್ಲಿ 2,500 ದಾಟುತ್ತದೆ, ಸುಮಾರು 40 ಪಟ್ಟು. ಶಾಖವೂ ಅದರ ಜೊತೆಗೇ ಏರುತ್ತದೆ. 30 ಕಿಲೋಮೀಟರ್‌ಗೆ ಏರಿಸಿದರೆ ಒತ್ತಡ 30ಕ್ಕೆ ಇಳಿದು ಎಂಜಿನ್‌ಗೆ ಗಾಳಿ ಸಾಲದು. ಆದ್ದರಿಂದ ಈ ಕ್ಷಿಪಣಿಗೆ ಹಾರಲು ಸಿಗುವುದು ಕೆಲವೇ ಕಿಲೋಮೀಟರ್ ದಪ್ಪದ ಒಂದು ಪಟ್ಟಿ. ಅಷ್ಟು ಮೇಲೆ ಹಾರುವುದರಿಂದ ರೇಡಾರ್‌ಗೆ ದೂರದಿಂದಲೇ ಕಾಣುತ್ತದೆ, ಕಾದ ಮೈ ಅವಗೆಂಪು ಸಂವೇದಕಕ್ಕೂ ಎದ್ದು ಕಾಣುತ್ತದೆ. ಅದರ ರಕ್ಷಣೆ ಅಡಗುವುದರಲ್ಲಿಲ್ಲ, ಎದುರಾಳಿಗೆ ಯೋಚಿಸಲು ಸಮಯ ಕೊಡದಿರುವುದರಲ್ಲಿದೆ: ಸೆಕೆಂಡಿಗೆ ಸುಮಾರು 1,770 ಮೀಟರ್ ಅಂದರೆ ಹತ್ತು ನಿಮಿಷದಲ್ಲಿ ಸಾವಿರ ಕಿಲೋಮೀಟರ್.

ತಿರುಗುವ ವಿಷಯ ಸರಳ ಲೆಕ್ಕ, ವೇಗದ ವರ್ಗವನ್ನು ಪಕ್ಕಕ್ಕೆ ಎಳೆಯುವ ವೇಗೋತ್ಕರ್ಷದಿಂದ ಭಾಗಿಸಿ. ಪಕ್ಕಕ್ಕೆ 5 ಜಿ (ಗುರುತ್ವದ ಐದು ಪಟ್ಟು) ಎಳೆದರೆ 2.8 ಮ್ಯಾಕ್‌ನ ಕ್ಷಿಪಣಿ ಸುಮಾರು 14 ಕಿಲೋಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ, 6 ಮ್ಯಾಕ್‌ನದ್ದಕ್ಕೆ 64 ಕಿಲೋಮೀಟರ್ ಬೇಕು. ಸ್ಕ್ರ್ಯಾಮ್‌ಜೆಟ್ ಉರಿಯುತ್ತಿರುವಾಗ 5 ಜಿ ಎಳೆಯುವುದು ಅದಕ್ಕಿಂತ ಕಷ್ಟ. ಮೂತಿ ಕೆಲವು ಡಿಗ್ರಿ ಓರೆಯಾದರೂ ಮುಂಭಾಗದ ಆಘಾತಗಳು ಇನ್‌ಟೇಕ್ ತುಟಿಯ ಮೇಲೆ ಬೀಳಬೇಕಾದ ಜಾಗ ಬಿಟ್ಟು ಸರಿಯುತ್ತವೆ, ಒಳಗೆ ಹೋಗುವ ಗಾಳಿ ಬದಲಾಗುತ್ತದೆ, ಮೇಲೆ ಹೇಳಿದ ಆಘಾತದ ಸಾಲು ಅಲುಗಾಡುತ್ತದೆ. ಹಾಗಾಗಿ ಎಂಜಿನ್ ಉರಿಯುವಷ್ಟು ಹೊತ್ತು ತಿರುವು ನಿಧಾನವಾಗಿಯೇ ಇರಬೇಕು. ದಿಢೀರ್ ತಿರುವು ಬೇಕಾದರೆ ಇಂಧನ ತೀರಿ ಇನ್‌ಟೇಕ್‌ನ ಹಂಗು ಹರಿದ ಮೇಲೆ, ಗುರಿಯ ಕಡೆ ಇಳಿಯುವ ಕೊನೆಯ ಹಂತದಲ್ಲಿ ಮಾತ್ರ ಸಾಧ್ಯ, ಅದೂ ಆ ಹೊತ್ತಿಗೆ ಉಳಿದ ವೇಗವನ್ನು ತಿಂದುಕೊಂಡು.